ಯಾರ ಕೈ ಯಾರಿಗೆ ಮೈಲಿಗೆ

2020ರ ಏಪ್ರಿಲ್ ಹೊತ್ತಿಗೆ ನಮ್ಮ ಅಬರ್ಡೀನಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಸಂದೇಶ ದಿನಕ್ಕೊಂದು ವೇಷದಲ್ಲಿ ಬರುತ್ತಿತ್ತು. ಹೊರಗಿನಿಂದ ಬಂದವರು ಕೈಕಾಲು ತೊಳೆದೇ ಒಳಗೆ ಬರಬೇಕು, ಕೈ ಕುಲುಕದೆ ದೂರದಿಂದ ನಮಸ್ಕಾರ ಮಾಡಬೇಕು, ಎಂಜಲು ಬೆರೆಸಬಾರದು, ಸಾವಿನ ಮನೆಯಿಂದ ಬಂದವರು ಸ್ನಾನ ಮಾಡಬೇಕು. ಇದನ್ನೆಲ್ಲ ನಮ್ಮ ಹಿರಿಯರು ಎಂದೋ ಹೇಳಿರಲಿಲ್ಲವೇ, ಮಡಿ ಮೈಲಿಗೆ ಎಂದು ನಕ್ಕವರು ಈಗ ಏನು ಹೇಳುತ್ತಾರೆ, ಎಂದು ಅದರ ಸಾರಾಂಶ. ಕೊನೆಯಲ್ಲಿ ಮೂರು ಕೈಮುಗಿದ ಚಿತ್ರಗಳು. ನಾನು ಆಗ ವಾರ್ಡಿನಲ್ಲಿ ಹನ್ನೆರಡೂವರೆ ಗಂಟೆಯ ಪಾಳಿ ಮಾಡುತ್ತಿದ್ದೆ. ಮನೆಗೆ ಬಂದು ಮಾಸ್ಕಿನ ದಾರ ಕೊರೆದ ಕಿವಿಯನ್ನು ಸವರಿಕೊಳ್ಳುತ್ತಾ ಫೋನು ತೆಗೆದರೆ ಈ ಸಂದೇಶ. ಉತ್ತರ ಬರೆಯುವಷ್ಟು ತ್ರಾಣ ಆಗ ಇರಲಿಲ್ಲ.

ಆ ಮಾತನ್ನು ಸಾರಾಸಗಟಾಗಿ ತಳ್ಳಿಹಾಕಲು ಇಂದಿಗೂ ನನಗೆ ಮನಸ್ಸಿಲ್ಲ. ನಾನು ಬೆಳೆದದ್ದು ಅರಸೀಕೆರೆ ಕಡೆಯ ಮನೆಯಲ್ಲಿ. ಬಾಗಿಲ ಪಕ್ಕದಲ್ಲಿ ನೀರು ತುಂಬಿದ ಹಂಡೆ, ಅದರ ಮೇಲೊಂದು ತಂಬಿಗೆ. ಹೊಲದಿಂದ ಬಂದವರಿರಲಿ, ಬಸ್ಸಿಳಿದು ಬಂದ ನೆಂಟರಿರಲಿ, ಕಾಲಿಗೆ ನೀರು ಹಾಕಿಕೊಳ್ಳದೆ ಹೊಸಿಲು ದಾಟುವಂತಿರಲಿಲ್ಲ. ಹೆರಿಗೆಯಾದ ಮನೆಗೆ ಹತ್ತು ದಿನ ಯಾರೂ ಹೋಗುತ್ತಿರಲಿಲ್ಲ, ಪುರುಡು ಎನ್ನುತ್ತಿದ್ದರು. ಆ ಹತ್ತು ದಿನ ಹಸುಗೂಸು ಊರವರ ಮುತ್ತು, ಕೆಮ್ಮುಗಳಿಂದ ದೂರ ಉಳಿಯುತ್ತಿತ್ತು. ಇಲ್ಲಿ ನಮ್ಮವರ ಮನೆಯಲ್ಲಿ ಮಗುವಾದರೆ ಆಸ್ಪತ್ರೆಯಿಂದ ಬಂದ ವಾರಕ್ಕೇ ಇಪ್ಪತ್ತು ಜನ ಸೇರುತ್ತಾರೆ. ಮಗು ಕೈಯಿಂದ ಕೈಗೆ ಹೋಗುತ್ತದೆ, ಒಬ್ಬೊಬ್ಬರಿಗೂ ಫೋಟೋ ಬೇಕು, ಮೂಗು ಸೋರುತ್ತಿರುವವರೂ ಕೆನ್ನೆಗೆ ಮುತ್ತಿಡುತ್ತಾರೆ. ಅಜ್ಜಿಯ ಪುರುಡೇ ವಾಸಿ ಎಂದು ಅಂಥ ಕಡೆ ಗಟ್ಟಿಯಾಗಿಯೇ ಹೇಳಿದ್ದೇನೆ. ಅದರಿಂದ ಒಂದೆರಡು ಮನೆಗಳವರು ನನ್ನನ್ನು ಕರೆಯುವುದು ಕಡಿಮೆಯಾಗಿದೆ, ಇರಲಿ.

ಆದರೆ ಅದೇ ಪುರುಡಿನ ಕೋಣೆಯೊಳಗೆ ಒಮ್ಮೆ ಇಣುಕಿ ನೋಡಬೇಕು. ಬಾಣಂತಿಗೆ ಹಾಸಲು ಮನೆಯಲ್ಲಿದ್ದುದರಲ್ಲೇ ಹಳೆಯ ಚಾಪೆ, ಉಡಲು ಹಳೆಯ ಸೀರೆ, ಮಗುವನ್ನು ಸುತ್ತಲು ಹರಕು ಬಟ್ಟೆ. ಬಡತನ ಒಂದು ಕಾರಣವಿರಬಹುದು. ಇದ್ದವರ ಮನೆಯಲ್ಲೂ ಹೀಗೇ ನಡೆಯುತ್ತಿದ್ದುದಕ್ಕೆ ಕಾರಣ ಬೇರೆ: ಹೇಗೂ ಮೈಲಿಗೆಯಾಗುವ ವಸ್ತು, ಆಮೇಲೆ ಎಸೆಯುವಂಥದ್ದು, ಒಳ್ಳೆಯದನ್ನೇಕೆ ಕೊಡಬೇಕು? ಹೊಕ್ಕುಳಬಳ್ಳಿ ಕತ್ತರಿಸಲು ಕೈಗೆ ಸಿಕ್ಕ ಕುಡುಗೋಲು, ಹಳೆಯ ಬ್ಲೇಡು. ನವಜಾತ ಶಿಶುಗಳಿಗೆ ಬರುತ್ತಿದ್ದ ಧನುರ್ವಾಯುವಿನ ದಾರಿ ಅದು. ಮುಂದೆ ಸರ್ಕಾರ ದಾಯಿಯರಿಗೆ ತರಬೇತಿ ಕೊಡುವಾಗ ಕಲಿಸಿದ್ದು ಐದು ಶುಚಿಗಳನ್ನು: ಕೈ, ಹಾಸು, ಬ್ಲೇಡು, ಕಟ್ಟುವ ದಾರ, ಹೊಕ್ಕುಳು. ತಾಯಿಯರಿಗೆ ಚುಚ್ಚುಮದ್ದು, ಆಸ್ಪತ್ರೆಯ ಹೆರಿಗೆ, ಈ ಶುಚಿಗಳು ಎಲ್ಲ ಕೂಡಿ ಭಾರತ ಆ ಪಿಡುಗಿನಿಂದ ಪಾರಾಯಿತೆಂದು ಘೋಷಣೆಯಾದದ್ದು 2015ರಲ್ಲಿ, ಅಂದರೆ ಮೊನ್ನೆ ಮೊನ್ನೆ. ಮಡಿ ಸಾವಿರ ವರ್ಷ ಆಚರಣೆಯಲ್ಲಿತ್ತು. ಬಾಣಂತಿಯನ್ನು ಮುಟ್ಟಿದರೆ ಮನೆಯವರಿಗೆ ಏನಾಗುತ್ತದೆ ಎಂದು ಅದು ಸದಾ ಕೇಳಿತು. ಮುಟ್ಟುವವರ ಕೈಯಿಂದ ಬಾಣಂತಿಗೆ ಏನಾಗುತ್ತದೆ ಎಂದು ಕೇಳಲಿಲ್ಲ.

ವಾಟ್ಸಾಪಿನ ಸಂದೇಶಕ್ಕೆ ನನ್ನ ತಕರಾರು ಇಷ್ಟೇ. ತೊಳೆಯುವ ನೀರು ಒಂದೇ, ಅದು ಹರಿಯುವ ದಿಕ್ಕು ಬೇರೆ. ಮಡಿಯಲ್ಲಿರುವ ಮನುಷ್ಯ ತನ್ನನ್ನು ಶುದ್ಧ ಎಂದು ಮೊದಲೇ ನಂಬಿದ್ದಾನೆ. ಅಪಾಯ ಹೊರಗಿದೆ, ಎದುರಿಗಿರುವ ಮೈಯಲ್ಲಿ, ಆ ಮೈಯ ಜಾತಿಯಲ್ಲಿ, ಮುಟ್ಟಿನಲ್ಲಿ, ಸಾವಿನಲ್ಲಿದೆ. ನಮ್ಮ ಅಜ್ಜಿ ಮಡಿಸೀರೆಯನ್ನು ಕೋಲಿನಿಂದ ಎತ್ತಿ ಸೂರಿನ ಕೆಳಗಿನ ಗಳುವಿನ ಮೇಲೆ ಹರವುತ್ತಿದ್ದದ್ದು ಮಕ್ಕಳಾದ ನಮ್ಮ ಕೈ ತಾಗದಿರಲಿ ಎಂದು. ನರ್ಸಿಂಗ್ ಶಾಲೆಯಲ್ಲಿ ಮೊದಲ ತಿಂಗಳು ಕಲಿಸುವ ಪಾಠ ಇದಕ್ಕೆ ಪೂರ್ತಿ ತಿರುವುಮುರುವು. ಕಣ್ಣಿಗೆ ಎಷ್ಟೇ ಶುಭ್ರವಾಗಿ ಕಾಣಲಿ, ನಿನ್ನ ಕೈಯಲ್ಲಿ ಏನೋ ಇದೆ ಎಂದುಕೊಂಡೇ ಹೊರಡು. ಮಲಗಿರುವವನಿಗೆ ನೀನು ಅಪಾಯ. ನೀನು ಒಳ್ಳೆಯವಳೇ, ದೇವರಿಗೆ ದೀಪ ಹಚ್ಚಿ ಬಂದವಳೇ, ಯಾವ ಕುಲದವಳು ಎಂಬುದನ್ನು ಬ್ಯಾಕ್ಟೀರಿಯಾ ಕೇಳುವುದಿಲ್ಲ.

ಮಡಿ ಎಂಬ ಮಾತಿಗೆ ಒಗೆದ ಬಟ್ಟೆ ಎಂಬ ಅರ್ಥವೂ ಇದೆ, ಒಗೆಯುವವನು ಮಡಿವಾಳ. ಅಗಸರು ಬಂಡೆಗೆ ಬಡಿದು ಬಿಸಿಲಲ್ಲಿ ಒಣಗಿಸಿ ತಂದ ಬಟ್ಟೆಯನ್ನು ನಮ್ಮಂಥ ಮನೆಗಳಲ್ಲಿ ಮತ್ತೆ ತಣ್ಣೀರಿಗೆ ಅದ್ದಿ ತೆಗೆದರೆ ಮಾತ್ರ ಅದು ಮಡಿ. ಕೊಳೆ ಹೋಗಿಸಿದವನ ಕೈಯೇ ಕೊಳೆ ಎಂದಾದ ಮೇಲೆ ಆ ಶುಚಿತ್ವಕ್ಕೂ ಆರೋಗ್ಯಕ್ಕೂ ಏನು ಸಂಬಂಧವೋ ನನಗೆ ತಿಳಿಯದು. ಶರಣರು ಹನ್ನೆರಡನೆಯ ಶತಮಾನದಲ್ಲೇ ಜನನ, ಮರಣ, ಮುಟ್ಟು, ಎಂಜಲು, ಜಾತಿ ಈ ಐದೂ ಸೂತಕಗಳನ್ನು ಅಲ್ಲಗಳೆದರು. ಹಿರಿಯರು ಹೇಳಿದ್ದರು ಎನ್ನುವವರು ಈ ಹಿರಿಯರನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ.

ನಮ್ಮ ಸಂಪ್ರದಾಯವೊಂದನ್ನೇ ಜರೆದು ಯುರೋಪಿಗೆ ಜೈ ಎನ್ನುವ ಪ್ರಬಂಧ ಇದಲ್ಲ. ಕೈ ತೊಳೆಯಬೇಕೆಂದು ವೈದ್ಯರನ್ನು ಒಪ್ಪಿಸುವುದು ಅಲ್ಲಿ ಎಷ್ಟು ಕಷ್ಟವಾಯಿತು ಎಂಬುದು ಗೊತ್ತಿರುವ ಕತೆ. ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ, ಇನ್ನೊಂದರಲ್ಲಿ ಸೂಲಗಿತ್ತಿಯರು. ವೈದ್ಯರ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸಾಯುವವರು ಹೆಚ್ಚು ಎಂದು ಊರಿನ ಬಡ ಹೆಂಗಸರಿಗೆಲ್ಲ ಗೊತ್ತಿತ್ತು. ಎರಡನೆಯದಕ್ಕೆ ಸೇರಿಸಿ ಎಂದು ಅಂಗಲಾಚುತ್ತಿದ್ದರು. ಇಗ್ನಾಜ್ ಸೆಮೆಲ್‌ವೈಸ್ ಎಂಬ ಕಿರಿಯ ವೈದ್ಯ ಕಾರಣ ಹುಡುಕಿದ. ವಿದ್ಯಾರ್ಥಿಗಳು ಹೆಣ ಕೊಯ್ಯುವ ಕೋಣೆಯಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. 1847ರ ಮೇ ತಿಂಗಳಲ್ಲಿ ಆತ ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಏಪ್ರಿಲಿನಲ್ಲಿ ನೂರಕ್ಕೆ 18 ಮಂದಿ ಸಾಯುತ್ತಿದ್ದ ಕಡೆ ಜೂನಿನಲ್ಲಿ ಅದು 2ರ ಆಸುಪಾಸಿಗೆ ಇಳಿಯಿತು. ಆದರೂ ಹಿರಿಯ ವೈದ್ಯರಲ್ಲಿ ಬಹಳ ಮಂದಿ ಒಪ್ಪಲಿಲ್ಲ. ಒಪ್ಪಿದರೆ ತಮ್ಮ ಕೈಯೇ ಕೊಂದಿತೆಂದು ಒಪ್ಪಿದಂತೆ. ಸಭ್ಯರ ಕೈ ಕೊಳಕಾಗಿರಲು ಹೇಗೆ ಸಾಧ್ಯ ಎಂಬ ಭಾವನೆಗೂ ನಮ್ಮ ಮಡಿಗೂ ನನಗೆ ಹೆಚ್ಚು ದೂರ ಕಾಣುವುದಿಲ್ಲ. ಸೆಮೆಲ್‌ವೈಸ್ ಕೂಡ ಹೇಳುವ ರೀತಿಯಲ್ಲಿ ಸೋತ; ಪುಸ್ತಕ ಬರೆದದ್ದು 1861ರಲ್ಲಿ, ಆಮೇಲೆ ವಿರೋಧಿಗಳನ್ನು ಕೊಲೆಗಾರರೆಂದು ಬಹಿರಂಗ ಪತ್ರಗಳಲ್ಲಿ ಬೈದ. 1865ರಲ್ಲಿ ಹುಚ್ಚಾಸ್ಪತ್ರೆಯೊಂದರಲ್ಲಿ ತೀರಿಕೊಂಡ.

ಅವನಿಗಿಂತ ಐವತ್ತು ವರ್ಷ ಮುಂಚೆ, ನಾನೀಗ ಬಸ್ಸು ಹಿಡಿದು ಕೆಲಸಕ್ಕೆ ಹೋಗುವ ಇದೇ ಅಬರ್ಡೀನಿನಲ್ಲಿ ಅಲೆಗ್ಸಾಂಡರ್ ಗಾರ್ಡನ್ ಎಂಬ ವೈದ್ಯನಿದ್ದ. ಅವನ ಹೆಸರು ಇಲ್ಲಿನವರಲ್ಲೂ ಹೆಚ್ಚಿನವರಿಗೆ ಗೊತ್ತಿಲ್ಲ. 1789ರಿಂದ 1792ರವರೆಗೆ ಊರಿನಲ್ಲಿ ಬಾಣಂತಿ ಜ್ವರ ಹಬ್ಬಿತು. ಗಾರ್ಡನ್ ಒಂದು ಪಟ್ಟಿ ಮಾಡಿದ: ಯಾವ ಹೆಂಗಸು, ಎಲ್ಲಿ ವಾಸ, ಹೆರಿಗೆ ಮಾಡಿಸಿದವರು ಯಾರು. ಕೆಲವೇ ಸೂಲಗಿತ್ತಿಯರ, ವೈದ್ಯರ ಹೆಸರುಗಳ ಸುತ್ತ ಜ್ವರ ಗುಂಪುಗಟ್ಟಿದ್ದು ಆ ಪಟ್ಟಿಯಲ್ಲಿ ಕಂಡಿತು. 1795ರಲ್ಲಿ ಅವನು ಪ್ರಕಟಿಸಿದ ಪುಸ್ತಕದಲ್ಲಿ ಸೂಲಗಿತ್ತಿಯರ ಹೆಸರೂ ಇತ್ತು, ತಾನೂ ಹಲವಾರು ಹೆಂಗಸರಿಗೆ ಈ ಸೋಂಕನ್ನು ಹೊತ್ತೊಯ್ದೆ ಎಂಬ ಮಾತೂ ಇತ್ತು. ರೋಗಿಯ ಬಟ್ಟೆಬರೆ ಸುಡಬೇಕು ಅಥವಾ ಚೆನ್ನಾಗಿ ಶುದ್ಧಿ ಮಾಡಬೇಕು, ಆರೈಕೆ ಮಾಡಿದವರು ಮೈಕೈ ತೊಳೆದುಕೊಳ್ಳಬೇಕು ಎಂದ. ಊರು ಅವನ ಮೇಲೆ ತಿರುಗಿಬಿತ್ತು. ನೌಕಾದಳಕ್ಕೆ ಮರಳಿದ ಅವನು 1799ರಲ್ಲಿ ಕ್ಷಯದಿಂದ ಸತ್ತ. ಆ ಸೂಲಗಿತ್ತಿಯರ ಬಗ್ಗೆಯೂ ನಾನು ಯೋಚಿಸುತ್ತೇನೆ. ಅವರಿಗೆ ಪುಸ್ತಕ ಬರೆಯಲು ಬರುತ್ತಿರಲಿಲ್ಲ, ಊರು ಬಿಟ್ಟು ಹೋಗಲು ಹಡಗೂ ಇರಲಿಲ್ಲ. ತನ್ನ ಹೆಸರನ್ನೂ ಪಟ್ಟಿಗೆ ಸೇರಿಸಿದ್ದು ಗಾರ್ಡನ್ನನ ದೊಡ್ಡತನ, ನಿಜ. ಹೆಸರು ಅಚ್ಚಾದ ಮೇಲೆ ಅವರನ್ನು ಯಾರಾದರೂ ಹೆರಿಗೆಗೆ ಕರೆದರೇ?

ಈಗಿನ ಆಸ್ಪತ್ರೆಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಕೈ ಶುಚಿಯ ಐದು ಗಳಿಗೆಗಳು ಇಂದು ಹಾಸನದಲ್ಲೂ ಅಬರ್ಡೀನಿನಲ್ಲೂ ಗೋಡೆಯ ಮೇಲಿವೆ. ರೋಗಿಯನ್ನು ಮುಟ್ಟುವ ಮೊದಲು. ಸೂಜಿ, ನಳಿಕೆ, ಗಾಯದಂಥ ಶುದ್ಧ ಕೆಲಸಕ್ಕೆ ಮೊದಲು. ರಕ್ತ, ಮೂತ್ರ ತಾಗಿರಬಹುದಾದ ಮೇಲೆ. ರೋಗಿಯನ್ನು ಮುಟ್ಟಿದ ಮೇಲೆ. ರೋಗಿಯ ಮಂಚ, ಮೇಜು ಮುಟ್ಟಿದ ಮೇಲೆ. ಎರಡು 'ಮೊದಲು', ಮೂರು 'ಮೇಲೆ'. 'ಮೊದಲು' ತೊಳೆಯುವುದು ಎದುರಿಗಿರುವ ರೋಗಿಗಾಗಿ. 'ಮೇಲೆ' ತೊಳೆಯುವುದು ನನಗಾಗಿ, ಮತ್ತು ಮುಂದಿನವರಿಗಾಗಿ. ದೇಶ ದೇಶಗಳಲ್ಲಿ ಮರೆಯಲ್ಲಿ ನಿಂತು ಎಣಿಸಿದಾಗ ಮತ್ತೆ ಮತ್ತೆ ಕಂಡದ್ದೇನು ಗೊತ್ತೇ? ನಾವು ಆರೋಗ್ಯ ಕೆಲಸಗಾರರು 'ಮೇಲೆ' ತೊಳೆಯುವಷ್ಟು ನಿಷ್ಠೆಯಿಂದ 'ಮೊದಲು' ತೊಳೆಯುವುದಿಲ್ಲ. ಬೆಡ್‌ಪ್ಯಾನ್ ಹಿಡಿದ ಕೈಯನ್ನು ಯಾರೂ ಹೇಳದೆಯೇ ಉಜ್ಜಿ ಉಜ್ಜಿ ತೊಳೆಯುತ್ತೇವೆ. ಕಂಪ್ಯೂಟರಿನ ಕೀಲಿಮಣೆ ಒತ್ತಿ, ಬೀಗದ ಕೈ ಹಿಡಿದು, ಕನ್ನಡಕ ಸರಿಮಾಡಿಕೊಂಡು ಬಂದ ಕೈ ಕೊಳೆಯೆಂದು ಅನ್ನಿಸುವುದೇ ಇಲ್ಲ. ಸ್ಕಾಟ್ಲೆಂಡಿನವರು, ಫಿಲಿಪ್ಪೀನ್ಸಿನವರು, ಕೇರಳದವರು, ನಾವು, ಎಲ್ಲರೂ ಈ ವಿಷಯದಲ್ಲಿ ಒಂದೇ ಮಡಿಯವರು. ಅಸಹ್ಯ ತಾನಾಗಿ ಬರುತ್ತದೆ, ಇನ್ನೊಬ್ಬರ ಕಾಳಜಿಯನ್ನು ಕಲಿಯಬೇಕು; ಪ್ರತಿ ಪಾಳಿಯಲ್ಲಿ ಹೊಸದಾಗಿ ಕಲಿಯಬೇಕು.

ಇದರಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಒಂದು ಸಣ್ಣ ಸಂಕಟವೂ ಇದೆ. ಮೊಣಕೈಯಿಂದ ಕೆಳಗೆ ಏನೂ ಇರಕೂಡದು. ಗಡಿಯಾರವಿಲ್ಲ, ಬಳೆಯಿಲ್ಲ, ಉಗುರುಬಣ್ಣವಿಲ್ಲ, ಕಲ್ಲಿಲ್ಲದ ಸಾದಾ ಉಂಗುರ ಒಂದಕ್ಕೆ ಮಾತ್ರ ವಿನಾಯಿತಿ. ಮದುವೆಯಾದವಳು ಬರಿಗೈಯಲ್ಲಿ ಮನೆ ಬಿಡುವುದೆಂದರೆ ನಮ್ಮತ್ತೆಗೆ ಎದೆಯಲ್ಲಿ ಕಲಸಿದಂತಾಗುತ್ತಿತ್ತು. ಇಲ್ಲಿ ಬಂದು ನಮ್ಮ ಜೊತೆಗಿದ್ದ ಆರು ತಿಂಗಳೂ, ಪಾಳಿ ಮುಗಿಸಿ ಬಂದ ಕೂಡಲೇ ಬಳೆಯ ಡಬ್ಬಿ ತಂದು ಮುಂದಿಡುತ್ತಿದ್ದರು. ಬಳೆಯ ಸಂದಿಯಲ್ಲಿ ಏನೇನು ಕೂತಿರುತ್ತದೆ ಎಂದು ವಿವರಿಸಿದೆ. "ಹಂಗಾರೆ ಬಳೆ ತೊಳ್ಕಂಡು ಹೋಗು" ಎಂದರು. ಕಾಲುಂಗುರಕ್ಕೆ ಯಾವ ನಿಯಮವೂ ಅಡ್ಡ ಬರಲಿಲ್ಲವೆಂಬುದು ಅವರಿಗೆ ಒಂದು ಸಮಾಧಾನ.

ಕೈಗವಸಿನ ಕತೆ ಇನ್ನೂ ಸೂಕ್ಷ್ಮ. ಕೈಗವಸು ಹಾಕಿದರೆ ಕೈ ಶುದ್ಧ ಎಂಬ ಭ್ರಮೆ ಬರುತ್ತದೆ. ಹಾಕಿದವರ ಕೈಯೇನೋ ಒಳಗೆ ಕ್ಷೇಮವಾಗಿರುತ್ತದೆ, ಗವಸು ಮಾತ್ರ ಮಂಚದಿಂದ ಮಂಚಕ್ಕೆ ಎಲ್ಲವನ್ನೂ ಹೊರುತ್ತದೆ. ಅದಕ್ಕಿಂತ ನನಗೆ ಮುಖ್ಯವಾದದ್ದು ರೋಗಿಗೆ ಅದು ಏನು ಹೇಳುತ್ತದೆ ಎಂಬುದು. ಅಬರ್ಡೀನಿನ ಸುತ್ತಲ ಹಳ್ಳಿಗಳ ರೈತರು, ಮೀನುಗಾರರು ಡೋರಿಕ್ ಎಂಬ ಸ್ಥಳೀಯ ನುಡಿ ಆಡುತ್ತಾರೆ. ಹೇಗಿದ್ದೀರಿ ಎನ್ನಲು 'ಫಿಟ್ ಲೈಕ್' ಎನ್ನಬೇಕು. ನಾನು ಅದನ್ನು ಹಾಸನದ ರಾಗದಲ್ಲಿ ಹೇಳಿದರೆ ನಗುತ್ತಾರೆ. ನಕ್ಕ ಮೇಲೆ ನೋವು ಎಲ್ಲಿದೆ ಎಂದು ಹೇಳಲು ಅವರಿಗೆ ಸಲೀಸು. ಹೊಲದಲ್ಲೂ ಕಡಲಲ್ಲೂ ಆಯಸ್ಸು ಕಳೆದ ಇಂಥ ಗಂಡಸರು ಹಾಸಿಗೆ ಕೊಳೆಯಾದ ಬೆಳಗ್ಗೆ ನನ್ನ ಮುಖ ನೋಡಲಾರರು. ಕ್ಷಮಿಸು ಎನ್ನುತ್ತಾರೆ, ಮತ್ತೆ ಮತ್ತೆ. ಆಗ ಕೈಗವಸು ಬೇಕು, ಸಂಶಯವೇ ಇಲ್ಲ. ಆದರೆ ಎಲ್ಲ ಸ್ವಚ್ಛಮಾಡಿ, ಗವಸು ಬಿಸುಟು, ಕೈ ತೊಳೆದು, ಹೊಸ ಅಂಗಿಯ ಗುಂಡಿ ಹಾಕುವಾಗ ಬರಿಗೈ ಇರಬೇಕು. ಹೊಸ ವಿದ್ಯಾರ್ಥಿನಿಯರು ಆಗಲೂ ಗವಸು ಏರಿಸಲು ಹೋಗುತ್ತಾರೆ. ಬೇಡ ಎನ್ನುತ್ತೇನೆ. ಗುಂಡಿ ಹಾಕಲು ಗವಸು ಬೇಕೆನ್ನುವುದಾದರೆ ಆ ಮನುಷ್ಯ ಇನ್ನೂ ಕೊಳೆಯಾಗಿಯೇ ಇದ್ದಾನೆ ಎಂದು ಅವನಿಗೆ ಹೇಳಿದಂತಾಯಿತು.

ಕೆಲವು ವರ್ಷಗಳ ಹಿಂದೆ ಮಗನನ್ನು ನೋಡಲು ಬಂದಿದ್ದ ಹಿರಿಯರೊಬ್ಬರು ನಮ್ಮ ವಾರ್ಡಿಗೆ ಸೇರಿದರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಮೈಸೂರು ಸೀಮೆಯವರು, ಎಪ್ಪತ್ತು ದಾಟಿದವರು ಎಂದರೆ ಸಾಕು. ಕನ್ನಡದವಳೊಬ್ಬಳು ಇದ್ದಾಳೆಂದು ಅವರಿಗೆ ಖುಷಿಯೋ ಖುಷಿ. ಒಂದು ಮಧ್ಯಾಹ್ನ ಅವರು ಮಂಪರಿನಲ್ಲಿದ್ದಾಗ ಹೋಗಿ, ಕೈಗೆ ಜೆಲ್ ಹಚ್ಚಿಕೊಂಡು, ಸಲೈನಿನ ಸೂಜಿ ಹಾಕಿದ್ದ ಜಾಗ ಊದಿದೆಯೇ ಎಂದು ಮುಂಗೈ ಮುಟ್ಟಿ ನೋಡಿದೆ. ಎಚ್ಚರವಾಗಿ ಕಣ್ಣು ಬಿಟ್ಟರು. ಎರಡು ಮಾತಾಡಿ ಸಿಂಕಿನ ಕಡೆ ತಿರುಗಿ ಕೈ ತೊಳೆಯತೊಡಗಿದೆ. ಹಿಂದಿನಿಂದ ದನಿ ಬಂತು.

"ನನ್ನ ಮುಟ್ಬುಟ್ಟು ಕೈ ತೊಳ್ಕತಿಯಲ್ಲವ್ವಾ... ಇಲ್ಲೂವೇ?"

ಆ 'ಇಲ್ಲೂವೇ' ಎಂಬುದರ ಹಿಂದೆ ಒಂದು ಊರೇ ಇತ್ತು. ಹೋಟೆಲಿನ ಬೇರೆ ಲೋಟ, ಮೇಲಿನಿಂದ ಬೊಗಸೆಗೆ ಸುರಿದ ನೀರು, ಕೈಗೆ ಕೈ ತಾಗದಂತೆ ಎಸೆದ ಚಿಲ್ಲರೆ. ನನ್ನ ಅಜ್ಜಿಯ ಕೋಲೂ ಇತ್ತು. ಐದು ಗಳಿಗೆಗಳ ಚಿತ್ರಪಟ ಅವರ ತಲೆಯ ಮೇಲೇ ಗೋಡೆಯಲ್ಲಿ ತೂಗುತ್ತಿತ್ತು, ಇಂಗ್ಲಿಷಿನಲ್ಲಿ. ನಿಯಮ ಹೀಗಿದೆ ತಾತ, ಎಲ್ಲರಿಗೂ ಹೀಗೇ ಮಾಡುತ್ತೇವೆ ಎಂದರೆ ಉತ್ತರವಾಗುತ್ತಿರಲಿಲ್ಲ. ಊರಿನಲ್ಲೂ ಅದು ನಿಯಮವೇ ಆಗಿತ್ತು. ಕುರ್ಚಿ ಎಳೆದುಕೊಂಡು ಕೂತೆ. "ತಾತ, ಪಕ್ಕದವರಿಗೆ ಕಾಲಲ್ಲಿ ದೊಡ್ಡ ಗಾಯ ಇದೆ. ನಿಮ್ಮಿಂದ ಅವರಿಗಾಗಲಿ, ಅವರಿಂದ ನಿಮಗಾಗಲಿ ನನ್ನ ಕೈ ಏನೂ ಒಯ್ಯಬಾರದು. ನಿಮ್ಮ ಹತ್ರ ಬರೋಕೆ ಮುಂಚೇನೂ ಶುದ್ಧ ಮಾಡ್ಕೊಂಡೇ ಬಂದೆ. ನೀವು ನಿದ್ದೇಲಿದ್ರಿ, ನೋಡ್ಲಿಲ್ಲ."

"ಮುಂಚೆಯೂ? ಯಾಕೆ?"

"ನನ್ನ ಕೈಲಿರೋ ಕೊಳೆ ನಿಮಗೆ ತಾಗಬಾರದು ಅಂತ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಂಗೆ ತಾಗಬಾರದು ಅಂತ" ಎಂದು ತಮ್ಮಷ್ಟಕ್ಕೆ ಒಮ್ಮೆ ಹೇಳಿಕೊಂಡರು. "ಅಂಗಂತ ಯಾರೂ ತೊಳ್ದಿರ್ನಿಲ್ಲ ಕಣವ್ವಾ." ಅನಂತರ ಮನೆಗೆ ಹೋಗುವವರೆಗೂ ನಾನು ಜೆಲ್ಲಿನ ಬಾಟಲಿ ಒತ್ತಿದಾಗಲೆಲ್ಲ ಕಣ್ಣಿಟ್ಟು ನೋಡುತ್ತಿದ್ದರು. ಬೇರೆ ನರ್ಸು ಒತ್ತದೆ ಬಂದರೆ ಕೈ ಉಜ್ಜುವ ಹಾಗೆ ಮೂಕಾಭಿನಯ ಮಾಡಿ ತೋರಿಸುತ್ತಿದ್ದರಂತೆ. ಭಾಷೆ ಬಾರದವರು ಅದಕ್ಕಿಂತ ಚೆನ್ನಾಗಿ ಹೇಳಲು ಆಗುವುದಿಲ್ಲ.

ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ಪುಟ್ಟ ಪುಸ್ತಕದಲ್ಲಿ ದಾದಿಯರು ದಿನದಲ್ಲಿ ಮತ್ತೆ ಮತ್ತೆ ಕೈ ತೊಳೆಯಬೇಕೆಂದಿದ್ದಾಳೆ. ಎಂಥ ದನಿಯಲ್ಲಿ ಮಾತಾಡಬೇಕು, ರೋಗಿಯ ಬೆನ್ನ ಹಿಂದೆ ನಿಂತು ಪಿಸುಗುಟ್ಟಬಾರದು ಎಂಬುದೂ ಅದೇ ಪುಸ್ತಕದಲ್ಲಿದೆ. ಶುಚಿ ಮತ್ತು ಮಾತು ಎರಡನ್ನೂ ಒಂದೇ ಕೆಲಸದ ಭಾಗವಾಗಿ ಆಕೆ ಕಂಡಳೆಂದು ನನಗೆ ತೋರುತ್ತದೆ. ಎರಡರಲ್ಲಿ ಯಾವುದು ಕೆಟ್ಟರೂ ಏನಾಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನಲ್ಲೇ ಉದಾಹರಣೆಯಿದೆ. 2007 ಮತ್ತು 2008ರಲ್ಲಿ ವೇಲ್ ಆಫ್ ಲೀವನ್ ಆಸ್ಪತ್ರೆಯಲ್ಲಿ ಸಿ. ಡಿಫಿಸಿಲ್ ಎಂಬ ಕರುಳಿನ ಸೋಂಕು ಹಬ್ಬಿತು. 34 ಸಾವುಗಳಲ್ಲಿ ಅದರ ಪಾತ್ರವಿತ್ತೆಂದು 2014ರಲ್ಲಿ ಲಾರ್ಡ್ ಮೆಕ್ಲೀನ್ ವಿಚಾರಣೆಯ ವರದಿ ಹೇಳಿತು. ಈ ಸೋಂಕಿನ ಬೀಜಕಣಗಳ ಮೇಲೆ ಆಲ್ಕೋಹಾಲ್ ಜೆಲ್ ಕೆಲಸ ಮಾಡುವುದಿಲ್ಲ. ಸೋಪು ನೀರು ಬೇಕು, ರೋಗಿಯನ್ನು ಬೇಗ ಬೇರೆ ಕೋಣೆಗೆ ಒಯ್ಯಬೇಕು. ಅದರ ಜೊತೆಗೆ ಮನೆಯವರಿಗೆ ವಿಷಯ ತಿಳಿಸಬೇಕು. ಏನು ಸೋಂಕು, ಅದು ಎಷ್ಟು ಗಂಭೀರ ಎಂದು ಮನೆಯವರಿಗೆ ಸರಿಯಾಗಿ ಹೇಳದಿದ್ದದ್ದನ್ನೂ ಆ ವರದಿ ಎತ್ತಿ ತೋರಿಸಿತು. ಗಾಬರಿಯಾಗುತ್ತಾರೆ ಎಂದು ಹೇಳದೇ ಇರುವುದು ದಯೆಯಂತೆ ಕಾಣುತ್ತದೆ. ಆದರೆ ಏನೂ ತಿಳಿಯದ ಮಗಳು ತಾಯಿಯ ಬಟ್ಟೆಯನ್ನು ಮನೆಗೆ ಒಯ್ದು ಮಕ್ಕಳ ಬಟ್ಟೆಯ ಜೊತೆ ನೆನೆಹಾಕಿದರೆ, ಆ ದಯೆಯ ಬೆಲೆ ತೆರುವವರು ಯಾರು?

ನಮ್ಮ ಕಾದಂಬರಿ 'ಸಂಸ್ಕಾರ' ನೆನಪಾಗುತ್ತದೆ. ಅನಂತಮೂರ್ತಿಯವರು ಅದನ್ನು ಪ್ರಕಟಿಸಿದ್ದು 1965ರಲ್ಲಿ. ಶಿವಮೊಗ್ಗೆಯಿಂದ ಜ್ವರ ಹೊತ್ತು ಬಂದ ನಾರಣಪ್ಪ ಸತ್ತಿದ್ದಾನೆ. ಹೆಣ ಮುಟ್ಟಿದರೆ ತಮಗೇನಾಗುತ್ತದೆ ಎಂದು ಅಗ್ರಹಾರವೆಲ್ಲ ಧರ್ಮಜಿಜ್ಞಾಸೆಯಲ್ಲಿದೆ. ಇತ್ತ ಇಲಿಗಳು ಸಾಯುತ್ತಿವೆ. ಕೊನೆಗೆ ಹೆಣಕ್ಕೆ ಗತಿ ಕಾಣಿಸಿದವಳು ಮಡಿಯ ಲೆಕ್ಕದಲ್ಲೇ ಇಲ್ಲದ ಚಂದ್ರಿ, ಒಬ್ಬ ಮುಸ್ಲಿಮನ ನೆರವಿನಿಂದ. ನರ್ಸಿಂಗ್ ಓದಿದ ನನಗೆ ಆ ಪುಸ್ತಕದಲ್ಲಿ ಪ್ರಾಣೇಶಾಚಾರ್ಯರಿಗಿಂತ ಆ ಇಲಿಗಳೇ ಹೆಚ್ಚು ಕಾಡಿದವು. 2020ರ ಮಾರ್ಚ್ 22ರಂದು ದೇಶವೆಲ್ಲ ಚಪ್ಪಾಳೆ ತಟ್ಟಿತು, ತಟ್ಟೆ ಬಡಿಯಿತು. ಇಲ್ಲಿ ನಮಗೂ ನಾಲ್ಕು ದಿನ ಬಿಟ್ಟು ಗುರುವಾರದ ಚಪ್ಪಾಳೆ ಶುರುವಾಯಿತು. ಅದೇ ದಿನಗಳಲ್ಲಿ ಭಾರತದ ಊರು ಊರುಗಳಲ್ಲಿ ನರ್ಸುಗಳನ್ನು, ವೈದ್ಯರನ್ನು ಬಾಡಿಗೆ ಮನೆಯಿಂದ ಖಾಲಿ ಮಾಡಿಸಿದ ಸುದ್ದಿಗಳು ಬಂದವು. ಆರೋಗ್ಯ ಸಿಬ್ಬಂದಿಯ ಮೇಲೆ ಕೈಮಾಡಿದವರಿಗೆ ಶಿಕ್ಷೆ ವಿಧಿಸಲು ಏಪ್ರಿಲ್ 22ರಂದು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಮಡಿವಾಳನ ಬಟ್ಟೆಯ ಕತೆಯೇ ಮತ್ತೆ. ರೋಗಕ್ಕೆ ಹೆದರಿದರು ಎನ್ನಿ, ಒಪ್ಪುತ್ತೇನೆ, ಹೆದರಿಕೆ ನಮಗೂ ಇತ್ತು. ಆದರೆ ರೋಗ ಇಲ್ಲದ ಕಾಲದಲ್ಲೂ, ನಾನು ನರ್ಸಿಂಗಿಗೆ ಸೇರುತ್ತೇನೆ ಎಂದಾಗ ನಮ್ಮ ದೊಡ್ಡಪ್ಪ "ಕಂಡವರ ಹೇಲು ಬಾಚೋಕೆ ಓದಬೇಕಾ" ಎಂದಿದ್ದರು. ಲಂಡನ್ನಿನ ವೀಸಾ ಸ್ಟ್ಯಾಂಪ್ ಬಿದ್ದ ಮೇಲೆ ಆ ಕೆಲಸ ಸೇವೆಯಾಯಿತು.

ಇನ್ನೊಂದು ಪ್ರಶ್ನೆ ಉಳಿದಿದೆ, ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಕೈ ತೊಳೆದಿರಾ ಎಂದು ರೋಗಿ ಕೇಳಬಹುದೇ? 2004ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಆರಂಭವಾದ ಕೈ ಶುಚಿ ಅಭಿಯಾನ, ಕೇಳಿ ಪರವಾಗಿಲ್ಲ ಎಂದು ರೋಗಿಗಳನ್ನು ಹುರಿದುಂಬಿಸಿತು. ಒಳ್ಳೆಯ ಮಾತು. ರೋಗಿಗೂ ದನಿಯಿರಬೇಕು. ಆದರೆ ಹೊಟ್ಟೆ ಕೊಯ್ಸಿಕೊಂಡು ಮಲಗಿರುವವನು, ಮುಂದಿನ ನೋವಿನ ಮಾತ್ರೆಗೆ ನನ್ನನ್ನೇ ಕಾಯುತ್ತಿರುವವನು, ನನ್ನ ಮುಖ ನೋಡಿ ಕೈ ತೊಳೆದೆಯಾ ಎಂದು ಕೇಳಬೇಕೇ? ಕೇಳಿದರೆ ಎಲ್ಲಿ ಸಿಟ್ಟಾಗುತ್ತಾಳೋ ಎಂದು ಲೆಕ್ಕ ಹಾಕದ ರೋಗಿ ಯಾವ ದೇಶದಲ್ಲೂ ಇಲ್ಲ. ಇಡೀ ವಾರ್ಡಿನಲ್ಲಿ ಅತ್ಯಂತ ನಿತ್ರಾಣನಾದವನಿಗೆ ಕಾವಲಿನ ಕೆಲಸ ಕೊಟ್ಟಂತೆ ಅದು. ಅದಕ್ಕೇ ನಾನು ಕೇಳುವ ಮೊದಲೇ ಹೇಳುತ್ತೇನೆ. ಹೆಸರು ಹೇಳುತ್ತೇನೆ, ಕೈ ತೊಳೆದುಕೊಳ್ಳುತ್ತಿದ್ದೇನೆ ಎಂದು ಅವರ ಕಣ್ಣೆದುರೇ ತೊಳೆಯುತ್ತೇನೆ, ಆಮೇಲೆ ಮುಟ್ಟುತ್ತೇನೆ. ಇದು ದೊಡ್ಡ ಶೋಧವೇನಲ್ಲ. ಜೆಲ್ಲಿಗೆ 20ರಿಂದ 30 ಸೆಕೆಂಡು ಸಾಕು. ಆದರೆ ಒಂದು ಪಾಳಿಯಲ್ಲಿ ನೂರು ಸಲ ಎಂದರೆ 50 ನಿಮಿಷವಾಯಿತು. ಎಂಟು ರೋಗಿಗಳಿರುವ ಕಡೆ ಹದಿನಾಲ್ಕು ರೋಗಿಗಳನ್ನು ಒಬ್ಬಳಿಗೇ ಕೊಟ್ಟರೆ ಆ 50 ನಿಮಿಷ ಎಲ್ಲಿಂದ ಬರುತ್ತದೆ ಎಂದು ಭಿತ್ತಿಪತ್ರ ಬರೆದವರು ಹೇಳುವುದಿಲ್ಲ.

ಕಳೆದ ಸಲ ಊರಿಗೆ ಹೋದಾಗ ಅಮ್ಮನಿಗೆ ಮಂಡಿಯ ಆಪರೇಷನ್ ಆಯಿತು. ಊರಿನ, ಆಸ್ಪತ್ರೆಯ ಹೆಸರು ಬೇಡ. ಆಪರೇಷನ್ ಚೆನ್ನಾಗಿಯೇ ಆಯಿತು. ರಾತ್ರಿ ಪಾಳಿಯ ಹುಡುಗಿಗೆ ಇಪ್ಪತ್ತೆಂಟು ರೋಗಿಗಳು. ವಾರ್ಡಿನ ಕೊನೆಯ ಸಿಂಕಿನಲ್ಲಿ ಮಧ್ಯಾಹ್ನದ ಮೇಲೆ ನೀರು ಬರುತ್ತಿರಲಿಲ್ಲ. "ಅಕ್ಕಾ, ನಾವೂ ಐದು ಮೊಮೆಂಟ್ಸು ಓದೇ ಪಾಸಾಗಿರೋದು" ಎಂದಳು ನಗುತ್ತಾ; ಜೇಬಿನಲ್ಲಿ ತನ್ನ ದುಡ್ಡಿನಲ್ಲೇ ಕೊಂಡ ಸಣ್ಣ ಸ್ಯಾನಿಟೈಸರ್ ಬಾಟಲಿ ಇಟ್ಟುಕೊಂಡಿದ್ದಳು. ನಾನು ನಾಲ್ಕು ದೊಡ್ಡ ಬಾಟಲಿ ತಂದು ಮಂಚದ ಬಳಿ ಒಂದನ್ನು ಇಟ್ಟು, ಉಳಿದದ್ದನ್ನು ಅವಳಿಗೆ ಕೊಟ್ಟೆ. ಡ್ರೆಸ್ಸಿಂಗ್ ಬಿಚ್ಚುವ ಮೊದಲು ಯಾರೇ ಆಗಲಿ ಕೈಗೆ ಹಾಕಿಕೊಂಡರಾ ಎಂದು ಕೇಳು ಅಂತ ಅಮ್ಮನಿಗೆ ಹೇಳಿಕೊಟ್ಟೆ. ಡಾಕ್ಟರನ್ನೂ ಕೇಳು ಎಂದೆ.

"ಡಾಕ್ಟ್ರನ್ನ ಹಂಗೆಲ್ಲ ಕೇಳ್ತಾರೇನೇ?" ಎಂದಳು ಅಮ್ಮ, ನನಗೆ ಬುದ್ಧಿ ನೆಟ್ಟಗಿದೆಯೇ ಎಂಬಂತೆ.

ಮಾರನೆಯ ದಿನ ರೌಂಡ್ಸಿಗೆ ಬಂದ ಡಾಕ್ಟರು ಪಕ್ಕದ ಮಂಚದಿಂದ ನೇರವಾಗಿ ಬಂದು ಮಂಡಿಯ ಪಟ್ಟಿಯನ್ನು ಒತ್ತಿ ನೋಡಿದರು. ಅಮ್ಮ ಸೆರಗು ಸರಿಮಾಡಿಕೊಂಡು, ಕೈಮುಗಿದು, ನೋವೇ ಇಲ್ಲ ಡಾಕ್ಟ್ರೇ ಎಂದಳು. ನಾನು ಬಾಟಲಿಯನ್ನು ಅವರ ಮುಂದೆ ಹಿಡಿದೆ. ಅವರು ಒಂದು ಕ್ಷಣ ನನ್ನನ್ನು ನೋಡಿ, ಏನೂ ಹೇಳದೆ ಒತ್ತಿಕೊಂಡರು. ಅವರು ಹೋದ ಮೇಲೆ ಅಮ್ಮ ಅರ್ಧ ಗಂಟೆ ನನ್ನ ಜೊತೆ ಮಾತಾಡಲಿಲ್ಲ. ಅಷ್ಟರಲ್ಲಿ ನೀರಿನ ಜಗ್ಗು ತುಂಬಲು ಆಯಾ ಬಂದಳು. ಅಮ್ಮ ದಿಂಬಿನಿಂದ ತಲೆಯೆತ್ತಿ, ವಾರ್ಡಿಗೆಲ್ಲ ಕೇಳುವ ಹಾಗೆ, "ಏ, ಕೈ ತೊಳೆದ್ಯಾ?" ಎಂದಳು.